ಬಲ್ಲಾಳರ ದೋಣಿಯ ಕಕ್ಕಸು ಟ್ಯಾಂಕು

ಪಾಣೆಮಂಗಳೂರಿನ ಅಬೂಬಕ್ಕರ್ ಹಾಜಿಯವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಇದನ್ನು ಅವರ ಹೆಂಡತಿ ಸಾಲಿಹಾ ಮದುವೆಯಾದ ಹೊಸತರಲ್ಲೇ ಕಂಡುಕೊಂಡು, ಅದೊಂದು ವಾಸಿಯಾಗದ ಕಾಯಿಲೆ ಎಂದು ಎಣಿಸಿ ಸಂಸಾರ ನಡೆಸಿಕೊಂಡು ಬಂದಿದ್ದರು. ಹಾಲಿನವನು ನೀರು ಬೆರೆಸುತ್ತಾನೆ, ಮೀನಿನವನು ನಿನ್ನೆಯ ಮೀನು ಕೊಡುತ್ತಾನೆ ಎಂಬಷ್ಟು ಅನುಮಾನ ಎಲ್ಲರಿಗೂ ಇರುತ್ತದೆ. ಹಾಜಿಯವರದ್ದು ಅದಕ್ಕಿಂತ ಮುಂದಿನದು. ಮೀನು ಒಳ್ಳೆಯದಿದ್ದರೆ, ಇವತ್ತು ಯಾಕೆ ಒಳ್ಳೆಯದು ಕೊಟ್ಟ ಎಂದು ಕೂತು ಯೋಚಿಸುವವರು ಅವರು.

ತಪ್ಪು ಅವರೊಬ್ಬರದ್ದೇ ಎನ್ನುವ ಹಾಗಿಲ್ಲ. ಇಪ್ಪತ್ತು ವರ್ಷ ಶಾರ್ಜಾದ ಒಂದು ದೋಣಿ ಕಟ್ಟುವ ಯಾರ್ಡಿನಲ್ಲಿ ಅವರು ಸ್ಟೋರ್ ಕೀಪರ್ ಆಗಿದ್ದರು. ಬೋಲ್ಟು, ಪೈಪು, ವಾಲ್ವು ಎಂದು ಕೇಳಿದವರಿಗೆ ಕೊಡುವುದು, ಕೊಟ್ಟದ್ದು ಎಲ್ಲಿ ಹೋಯಿತೆಂದು ಕೇಳುವುದು, ಇದೇ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ ಎಣಿಸಿಕೊಂಡ ಮನುಷ್ಯ, ಊರಿಗೆ ಬರುವಾಗ ಅದನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಾ ಎಂದರೆ ಬಿಟ್ಟು ಬರುತ್ತಾನೆಯೇ?

ಊರಿಗೆ ಬಂದವರು ನೇತ್ರಾವತಿಯ ದಡದಲ್ಲಿ, ಸೇತುವೆಯಿಂದ ಸ್ವಲ್ಪ ಆಚೆಗೆ, ಫೈಬರಿನ ವರ್ಕ್‌ಶಾಪು ಹಾಕಿದರು. ಬಚ್ಚಲಿನ ಬಾಗಿಲು, ನೀರಿನ ತೊಟ್ಟಿ, ಹೊಳೆಯ ಮರಳು ತೆಗೆಯುವ ಹೊಯ್ಗೆ ದೋಣಿಗಳ ರಿಪೇರಿ, ಹೀಗೆ ಕೆಲಸಕ್ಕೆ ಕೊರತೆಯಿರಲಿಲ್ಲ. ಬೋರ್ಡಿನಲ್ಲಿದ್ದ ಹೆಸರು ಹಾಜಿಯವರದ್ದು, ಕೆಲಸ ಮಾಡುವ ಕೈ ಅಳಿಯ ಉನೈಸನದ್ದು. ಉನೈಸ್ ಕಕ್ಕಿಂಜೆಯ ಹುಡುಗ, ಹೆಚ್ಚು ಮಾತಿಲ್ಲದವನು. ಮದುವೆಯಾದ ಮೇಲೆ ಹೆಂಡತಿ ಜಸ್ನಾಳ ಜೊತೆ ಮಾವನ ಮನೆಯಲ್ಲೇ ಇರಬೇಕೆಂದು ಹಾಜಿಯವರು ಕೇಳಿಕೊಂಡಾಗ ಒಪ್ಪಿಕೊಂಡಿದ್ದ. ಯಾಕೆ ಅಷ್ಟು ಸುಲಭದಲ್ಲಿ ಒಪ್ಪಿದ ಎಂದು ಹಾಜಿಯವರು ಆ ರಾತ್ರಿ ನಿದ್ದೆಗೆಟ್ಟಿದ್ದರು.

ನಗಬೇಡಿ, ಅವರ ಸಂಕಟ ಬೇರೆಯೇ ಇತ್ತು. ಜಸ್ನಾ ಹುಟ್ಟಿದಾಗ ಅವರು ಶಾರ್ಜಾದಲ್ಲಿದ್ದರು. ಒಬ್ಬಳೇ ಮಗಳು ನಡೆಯಲು ಕಲಿತದ್ದನ್ನೂ ಶಾಲೆಗೆ ಹೋದದ್ದನ್ನೂ ಅವರು ಫೋಟೋದಲ್ಲಿ ನೋಡಿದ್ದು. ರಜೆಯಲ್ಲಿ ಬಂದರೆ ಮಗು ಹೆದರಿ ಬಾಗಿಲ ಹಿಂದೆ ನಿಲ್ಲುತ್ತಿತ್ತು, ಹತ್ತಿರ ಬರುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಈಗ ನಾಲ್ಕು ವರ್ಷದ ಮೊಮ್ಮಗಳು ಹನಾ ಅವರ ಹೊಟ್ಟೆಯ ಮೇಲೆ ಹತ್ತಿ ಕೂತು ಗಡ್ಡ ಎಳೆಯುತ್ತಿದ್ದಳು. ಕಳೆದುಹೋದದ್ದು ಇನ್ನೊಮ್ಮೆ ಸಿಕ್ಕಿದೆ ಎಂದು ಅವರಿಗೆ ಅನಿಸಿತ್ತು. ಉನೈಸ್ ಒಂದು ದಿನ ಇವರಿಬ್ಬರನ್ನು ಕರೆದುಕೊಂಡು ಹೊರಟುಬಿಟ್ಟರೆ ತಾನೇನು ಮಾಡುವುದು? ಬಾಯಿಬಿಟ್ಟು ಯಾರಿಗೂ ಹೇಳದ ಭಯ ಇದು. ಅಳಿಯನ ಮೇಲಿನ ಎಲ್ಲ ಅನುಮಾನದ ತಾಯಿಬೇರು ಇಲ್ಲೇ ಇತ್ತು.

ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ ಕಳೆದ ಮೇಲೆ ವರ್ಕ್‌ಶಾಪಿನ ಮುಂದೆ ಒಂದು ದೊಡ್ಡ ಲಾರಿ ನಿಂತಿತು. ಅದರ ಮೇಲೆ ಬಿಳಿ ಬಣ್ಣದ ಹಾಯಿದೋಣಿ, ಹಾಯಿಯ ಕಂಬ ಬಿಚ್ಚಿ ಉದ್ದಕ್ಕೆ ಮಲಗಿಸಿತ್ತು. ದೋಣಿಯ ಒಡೆಯರು ಮೂಡುಬಿದಿರೆಯ ಶ್ರೇಯಾಂಸಕುಮಾರ ಬಲ್ಲಾಳರು. ಹಡಗಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಜೈನರು. ಮನೆಯಲ್ಲಿ ಕೂತು ಬೇಸರ ಬಂದು, ಗೋವಾದಲ್ಲಿ ಯಾರೋ ಜರ್ಮನಿಯವನು ಬಿಟ್ಟುಹೋದ ದೋಣಿಯನ್ನು ಕೊಂಡಿದ್ದರು. ಇಲ್ಲಿ ರಿಪೇರಿ ಮುಗಿಸಿ, ಮತ್ತೆ ಲಾರಿಯಲ್ಲಿ ಮಂಗಳೂರಿನ ಬಂದರು ಧಕ್ಕೆಗೆ ಒಯ್ದು, ಹೆಂಡತಿಯ ಜೊತೆ ಕಡಲಿನಲ್ಲಿ ಹಾಯಿ ಬಿಚ್ಚಿ ತಿರುಗಬೇಕೆಂಬುದು ಅವರ ಆಸೆ.

ಆ ಆಸೆಗೆ ಹೆಂಡತಿ ರಾಜಮತಿಯವರು ದೋಣಿ ಹತ್ತಿ ನೋಡಿದ ದಿನವೇ ಅಡ್ಡ ನಿಂತರು.

"ಇದರ ಕಕ್ಕಸಿನದ್ದೆಲ್ಲ ಎಲ್ಲಿಗೆ ಹೋಗ್ತದೆ?"

"ಕೈಪಂಪು ಹೊಡೆದರೆ ಕೆಳಗೆ ಹೋಗ್ತದೆ. ನೀರಿಗೆ," ಎಂದರು ಬಲ್ಲಾಳರು.

"ಹಾಗಾದ್ರೆ ನೀವೊಬ್ಬರೇ ಹೋಗಿ. ಕುಡಿಯುವ ನೀರನ್ನು ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಯ ನೀರಿಗೇ ತೊಳೆಯುವವರು ನಾವು. ನೀರಿನಲ್ಲಿರುವ ಜೀವಕ್ಕೆ ನೋವಾಗಬಾರದು ಅಂತ ಅಲ್ವಾ? ಅದೇ ನೀರಿಗೆ ಇದನ್ನು ಬಿಡುವುದಾ?"

ಬಲ್ಲಾಳರು ಹಾಜಿಯವರ ಮುಖ ನೋಡಿದರು. ಹಾಜಿಯವರಿಗೆ ಹುರುಪು ಬಂತು. ಶಾರ್ಜಾದ ಸ್ಟೋರಿನಲ್ಲಿ ಇದಕ್ಕೆಲ್ಲ ಸಾಮಾನಿತ್ತು. "ಅದಕ್ಕೆ ಟ್ಯಾಂಕು ಉಂಟು ಅಮ್ಮ. ಹೊರಗೆ ಹೋಗುವುದನ್ನು ತಡೆದು ಅದರಲ್ಲಿ ತುಂಬಿಸುವುದು. ದಡಕ್ಕೆ ಬಂದ ಮೇಲೆ ಹೀರಿ ತೆಗೆದು ಗುಂಡಿಗೆ ಹಾಕಿದರಾಯ್ತು. ನಾನು ನೋಡಿಕೊಳ್ತೇನೆ."

ಯಾವ ಟ್ಯಾಂಕು ಎಂಬುದಕ್ಕೆ ಒಂದು ವಾರ ಚರ್ಚೆ ನಡೆಯಿತು. ಸ್ಟೀಲಿನದ್ದು ಇರಲಿ ಎಂದರು ಬಲ್ಲಾಳರು. ಮೂತ್ರಕ್ಕೆ ಸ್ಟೀಲಿನ ಬೆಸುಗೆ ತುಕ್ಕು ಹಿಡಿದು ತೂತಾಗುತ್ತದೆ ಎಂದು ಹಾಜಿಯವರು ಅದನ್ನು ತಳ್ಳಿಹಾಕಿದರು. ರಬ್ಬರಿನ ಚೀಲದಂಥದ್ದೊಂದು ಬರುತ್ತದಂತೆ, ಅದು ದೋಣಿ ಅಲುಗಾಡುವಾಗ ಉಜ್ಜಿ ಹರಿದರೆ ಗತಿಯೇನು? ಪ್ಲಾಸ್ಟಿಕ್ಕಿನದ್ದು ಚೌಕ, ದೋಣಿಯ ಹೊಟ್ಟೆ ಓರೆ, ಅರ್ಧ ಜಾಗ ದಂಡ. ಕೊನೆಗೆ ಉನೈಸ್ ಬಾಯಿ ತೆರೆದ. "ಮಲಗುವ ಹಲಗೆಯ ಅಡಿಯಲ್ಲಿ ದೋಣಿಯ ಓರೆಗೆ ಸರಿಯಾಗಿ ಫೈಬರಿನಲ್ಲೇ ಕಟ್ಟುವ. ಜಾಗ ಹಾಳಾಗುವುದಿಲ್ಲ." ಎಲ್ಲರೂ ಒಪ್ಪಿದರು. ಎಷ್ಟು ದೊಡ್ಡದು ಬೇಕೆಂಬುದನ್ನು ಮಾತ್ರ ಹಾಜಿಯವರೇ ತೀರ್ಮಾನಿಸಿದರು. ಅವರ ಬಳಿ ಶಾರ್ಜಾದಿಂದ ತಂದ ವಿದೇಶಿ ಕಂಪೆನಿಯ ಕ್ಯಾಟಲಾಗು ಇತ್ತು, ನಾಲ್ಕು ಜನ ಮೂರು ದಿನ ಇರಲು ನೂರು ಲೀಟರು ಧಾರಾಳ ಎಂದು ಅದರಲ್ಲಿ ಚಿತ್ರಸಹಿತ ಅಚ್ಚಾಗಿತ್ತು. ಜಗತ್ತಿನಲ್ಲಿ ಹಾಜಿಯವರು ಅನುಮಾನಿಸದೆ ಇದ್ದದ್ದು ಆ ಕ್ಯಾಟಲಾಗನ್ನು ಮಾತ್ರ.

ಉನೈಸ್ ದೋಣಿಯೊಳಗೆ ಬಗ್ಗಿ ಕೂತು ಟ್ಯಾಂಕು ಕಟ್ಟಿದ. ನೀರು ಒಂದೇ ಸಲ ಒಂದು ಕಡೆಗೆ ಹೊಡೆಯದ ಹಾಗೆ ಒಳಗೆ ಕಿಂಡಿ ಬಿಟ್ಟ ಒಂದು ಅಡ್ಡಗೋಡೆ, ಗಾಳಿ ಹೋಗಲು ಸಣ್ಣ ಪೈಪು, ವಾಸನೆ ಬಿಡದ ದಪ್ಪ ಕೊಳವೆ, ಹೀರಿ ತೆಗೆಯಲು ಮೇಲೊಂದು ಮುಚ್ಚಳ. ನೀರಿಗೆ ಹೋಗುತ್ತಿದ್ದ ಹಳೆಯ ತೂತನ್ನು ರಾಜಮತಿಯವರ ಕಣ್ಣೆದುರೇ ಮುಚ್ಚಿದ. ಹಾಜಿಯವರು ಒಂದು ಮದುವೆಗೆಂದು ಹೋಗಿ ಬರುವಷ್ಟರಲ್ಲಿ ಟ್ಯಾಂಕಿನ ಬಾಯಿ ಮುಚ್ಚಿ ಹಲಗೆ ಕೂರಿಸಿಯೂ ಆಗಿತ್ತು. ನಾನು ಬರುವವರೆಗೆ ಕಾಯಬಾರದಿತ್ತೇ ಎಂದು ಅವರ ಮನಸ್ಸಿನಲ್ಲಿ ಅಂದೇ ಒಂದು ಹುಳ ಹೊಕ್ಕಿತು.

ಹೊಯ್ಗೆ ದೋಣಿಯ ಧರ್ಣಪ್ಪ ತನ್ನ ಜನರನ್ನು ಕರೆತಂದು, ತೆಂಗಿನ ದಿಮ್ಮಿಗಳ ಮೇಲೆ ಉರುಳಿಸಿ ಹಾಯಿದೋಣಿಯನ್ನು ಹೊಳೆಗೆ ಇಳಿಸಿ ದಡಕ್ಕೆ ಕಟ್ಟಿದ. ಕಡಲಿಗೆ ಹೋಗುವ ಮೊದಲು ಇಲ್ಲೇ ಎರಡು ದಿನ ಇದ್ದು ನೋಡುತ್ತೇನೆ ಎಂಬುದು ರಾಜಮತಿಯವರ ಕಟ್ಟಳೆ. ಬಲ್ಲಾಳ ದಂಪತಿ, ಅವರ ಮಗ, ಸೊಸೆ ನಾಲ್ವರೂ ಶನಿವಾರ ಬೆಳಿಗ್ಗೆ ಬಂದು ಹತ್ತಿದರು. ಸಾಲಿಹಾ ದೋಣಿಯ ಕಕ್ಕಸಿನಲ್ಲಿ ಒಂದು ನೀರಿನ ಡ್ರಮ್ಮನ್ನೂ ಚೊಂಬನ್ನೂ ಇಡಿಸಿದರು. ಧರ್ಣಪ್ಪ ಬಾವಿಯಿಂದ ನೀರು ಹೊತ್ತು ತುಂಬಿಸಿದ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಬಲ್ಲಾಳರ ಸಂಸಾರ ಹೊಳೆಯ ಗಾಳಿಗೆ ಮಲಗಿತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಟ್ಯಾಂಕು ತುಂಬಿ ಕಕ್ಕಸಿನ ಬಾಯಿಯಿಂದಲೇ ಮೇಲೆ ಬಂತು. ಹೆಚ್ಚು ವಿವರಿಸುವುದು ಬೇಡ. ರಾಜಮತಿಯವರು ಸೀರೆಯ ಸೆರಗು ಮೂಗಿಗೆ ಹಿಡಿದು ಇಳಿದು ಕಾರಿನಲ್ಲಿ ಹೋಗಿ ಕೂತರು.

"ಹಾಜಿಯವರೇ, ಟ್ಯಾಂಕಿನ ಅಳತೆ ಸರಿ ಉಂಟಲ್ವಾ?" ಎಂದು ಬಲ್ಲಾಳರು ಮೆತ್ತಗೆ ಕೇಳಿದರು.

ಅಳತೆ ಎಂಬ ಶಬ್ದ ಕೇಳಿದ್ದೇ ಹಾಜಿಯವರ ಕಿವಿ ನೆಟ್ಟಗಾಯಿತು. ಮೂರು ದಿನಕ್ಕೆ ಸಾಲಬೇಕಾದ ಟ್ಯಾಂಕು ಅದರ ಅರ್ಧ ಹೊತ್ತೂ ಬರಲಿಲ್ಲ. ಕ್ಯಾಟಲಾಗು ಸುಳ್ಳು ಹೇಳುವುದಿಲ್ಲ. ಹಾಗಾದರೆ ಟ್ಯಾಂಕು ಚಿಕ್ಕದು. ಒಳಗೆ ಅಡ್ಡಗೋಡೆ ಯಾಕೆ? ಅದರ ಆಚೆ ಬದಿಗೆ ಕಿಂಡಿಯೇ ಇಲ್ಲದೆ ಅರ್ಧ ಟ್ಯಾಂಕು ದಂಡವಾಗಿದ್ದರೆ? ಫೈಬರ್ ಕಟ್ಟುವ ರಾಳವನ್ನೂ ಗಾಜಿನೆಳೆಯ ಮ್ಯಾಟನ್ನೂ ಉಳಿಸಿ ಉನೈಸ್ ಏನು ಮಾಡಿದ? ಒಂದರ ಬೆನ್ನಿಗೆ ಒಂದು ಹುಟ್ಟತೊಡಗಿದವು.

ಮರುದಿನ ಹಾಜಿಯವರು ಬಿ.ಸಿ. ರೋಡ್ ಪೇಟೆಗೆ ಹೋಗಿ, ರಾಳ ಮಾರುವ ಅಬ್ದುಲ್ ಹಕೀಮನ ಅಂಗಡಿಯಲ್ಲಿ ಚಾ ಕುಡಿಯುವ ನೆಪದಲ್ಲಿ ಕೂತರು.

"ಉನೈಸ್ ಈ ಸಲ ಎಷ್ಟು ರಾಳ ಕೊಂಡುಹೋದ?"

"ಯಾವಾಗಿನದಕ್ಕಿಂತ ಸ್ವಲ್ಪ ಜಾಸ್ತಿಯೇ. ಟ್ಯಾಂಕಿನ ಒಳಮೈ ದಪ್ಪ ಬೇಕಂತ ಹೇಳಿದ. ಯಾಕೆ ಹಾಜಿಯವರೇ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸಮಾಧಾನಪಟ್ಟು ಮನೆಗೆ ಹೋಗುತ್ತಿದ್ದರು. ಹಾಜಿಯವರು, ಜಾಸ್ತಿ ಕೊಂಡದ್ದು ಎಲ್ಲಿ ಹೋಯಿತು ಎಂದು ಹೊಸದಾಗಿ ತಲೆ ಕೆಡಿಸಿಕೊಂಡು ಎದ್ದರು. ಚಾ ಅರ್ಧ ಹಾಗೇ ಉಳಿಯಿತು.

ಬಸ್ ನಿಲ್ದಾಣದಲ್ಲಿ ಅವರಿಗೆ ಉನೈಸನೇ ಕಂಡ. ವರ್ಕ್‌ಶಾಪಿನಲ್ಲಿ ಇರಬೇಕಾದವನು ಮೂಡುಬಿದಿರೆಯ ಬಸ್ ಹತ್ತುತ್ತಿದ್ದ. ಕಳೆದ ತಿಂಗಳೂ ಹೀಗೇ ಎಲ್ಲಿಗೋ ಹೋಗಿದ್ದ. ಹಾಜಿಯವರು ಅದರ ಬೆನ್ನಿಗೇ ಬಂದ ಇನ್ನೊಂದು ಬಸ್ಸಿನಲ್ಲಿ ಹೊರಟರು. ಅರವತ್ತು ಸಮೀಪಿಸಿದ, ಹಜ್ ಮಾಡಿ ಬಂದ ಮನುಷ್ಯ, ಮೂಡುಬಿದಿರೆಯ ನಿಲ್ದಾಣದಲ್ಲಿ ಕಾಲೇಜು ಮಕ್ಕಳ ಗುಂಪಿನ ಮರೆಯಲ್ಲಿ ಕುತ್ತಿಗೆ ಉದ್ದ ಮಾಡಿ ಅಳಿಯನನ್ನು ಹುಡುಕಿದರು. ಕೊನೆಗೆ ಒಂದು ಹಾಸ್ಟೆಲಿನ ಹೊಸ ಕಟ್ಟಡದಲ್ಲಿ ಉನೈಸ್ ಬಾಗಿಲಿಲ್ಲದ ಬಚ್ಚಲೊಂದರ ಚೌಕಟ್ಟಿಗೆ ಟೇಪು ಹಿಡಿದು ನಿಂತದ್ದನ್ನು ರಸ್ತೆಯಿಂದಲೇ ಕಂಡರು. ಪಕ್ಕದಲ್ಲಿದ್ದವನು ಅವನ ಹೆಗಲು ತಟ್ಟುತ್ತಿದ್ದ.

ಹಾಜಿಯವರು ಅಲ್ಲಿಂದಲೇ ಹಿಂದೆ ತಿರುಗಿದರು. ಇವನು ಸ್ವಂತ ಕೆಲಸ ಹಿಡಿಯುತ್ತಿದ್ದಾನೆ. ನನ್ನ ರಾಳದಲ್ಲಿ ಇಲ್ಲಿ ಬಾಗಿಲು ಮಾಡುತ್ತಾನೆ. ಇಂದಲ್ಲ ನಾಳೆ ಜಸ್ನಾ, ಹನಾ ಇಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬರುತ್ತಾನೆ. ಊರಿಗೆ ಮರಳುವಾಗ ಬಸ್ಸಿನ ಕಿಟಕಿಯ ಹೊರಗೆ ಅವರಿಗೆ ಏನೂ ಕಾಣಲಿಲ್ಲ. ಸಿಟ್ಟಿಗಿಂತ ಅಳು ಹತ್ತಿರವಿತ್ತು, ಆದರೆ ಗಂಡಸರು ಮನೆಗೆ ಒಯ್ಯುವುದು ಸಿಟ್ಟನ್ನೇ.

ಬುಧವಾರ ಬಲ್ಲಾಳ ದಂಪತಿ ಮತ್ತೆ ಬಂದರು. ಅಷ್ಟರಲ್ಲಿ ಉನೈಸ್ ಟ್ಯಾಂಕಿನದ್ದನ್ನು ಹೀರಿ ಗುಂಡಿಗೆ ಹಾಕಿ, ತೊಳೆದು ಸ್ವಚ್ಛ ಮಾಡಿದ್ದ. ಎಲ್ಲರೂ ದಡದಲ್ಲಿ ಸೇರಿದರು. ಸಾಲಿಹಾ ಚಾ ತಂದಿದ್ದರು, ಜಸ್ನಾ ಹನಾಳ ಕೈ ಹಿಡಿದು ನಿಂತಿದ್ದಳು.

"ಮಾತು ಬೇಡ. ಕ್ಯಾನಿನಲ್ಲಿ ನೀರು ಹೊಯ್ದು ಅಳೆಯುವ," ಎಂದ ಉನೈಸ್.

ಇಪ್ಪತ್ತು ಲೀಟರಿನ ಕ್ಯಾನು ತಂದು ಅವನೂ ಧರ್ಣಪ್ಪನೂ ಹೊಯ್ದರು. ಐದು ಕ್ಯಾನು ಹಿಡಿಯಿತು. ಆರನೆಯದರಿಂದಲೂ ಸ್ವಲ್ಪ ಒಳಗೆ ಹೋಯಿತು. ಬಲ್ಲಾಳರು ತಲೆಯಾಡಿಸಿ, "ಅಳತೆ ಸರಿಯೇ ಉಂಟಲ್ಲ ಮಾರಾಯ್ರೆ," ಎಂದರು.

ಎಲ್ಲರ ಮುಖ ಸಡಿಲವಾಯಿತು. ಹಾಜಿಯವರು ಮಾತ್ರ ಮುಂದೆ ಬಂದು ಕ್ಯಾನನ್ನು ಎತ್ತಿ, ತಿರುಗಿಸಿ, ಅಡಿ ನೋಡಿದರು.

"ಈ ಕ್ಯಾನು ಎಲ್ಲಿಯದ್ದು?"

ಉನೈಸನ ಮುಖ ಕೆಂಪಾಯಿತು.

"ಎಂತ ಮಾವ ಹಾಗಂದ್ರೆ?"

"ಕ್ಯಾನಿನ ಅಳತೆ ಯಾರಿಗೆ ಗೊತ್ತು? ಮೂಡುಬಿದಿರೆಯಲ್ಲಿ ಯಾರ ಬಾಗಿಲು ಅಳೀತಾ ಇದ್ದೆ ಮೊನ್ನೆ? ನನ್ನ ರಾಳ ಎಲ್ಲಿಗೆ ಹೋಗ್ತಾ ಉಂಟು ಅಂತ ನನಗೆ ಗೊತ್ತಾಗುವುದಿಲ್ಲ ಅಂತ ಎಣಿಸಿದೆಯಾ?"

"ಅಯ್ಯೋ, ಆ ಹಾಸ್ಟೆಲಿನದ್ದಾ?" ಎಂದು ಬಲ್ಲಾಳರು ಗಾಬರಿಯಾದರು. "ಅದು ನಾನೇ ಹೇಳಿದ್ದು ಹಾಜಿಯವರೇ. ಅವರ ಬಚ್ಚಲಿಗೆಲ್ಲ ಫೈಬರ್ ಬಾಗಿಲು ಬೇಕಂತೆ. ನಿಮ್ಮ ವರ್ಕ್‌ಶಾಪಿನ ಹೆಸರಿನಲ್ಲೇ ಇವ ಮಾತಾಡಿದ್ದು."

"ಪಕ್ಕಾ ಆದ ಮೇಲೆ ನಿಮಗೆ ಹೇಳುವ ಅಂತ ಇದ್ದೆ," ಎಂದ ಉನೈಸ್. ಅವನು ಮಾವನನ್ನು ನೋಡುತ್ತಿರಲಿಲ್ಲ, ಜಸ್ನಾಳನ್ನು ನೋಡುತ್ತಿದ್ದ. ಜಸ್ನಾ ನೆಲ ನೋಡುತ್ತಿದ್ದಳು.

ಹಾಜಿಯವರಿಗೆ ಎಲ್ಲಿಗೆ ಹೋಗಿ ಮುಖ ಮುಚ್ಚಿಕೊಳ್ಳಲಿ ಎಂದಾಯಿತು. ಆದರೂ ಹಿಡಿದ ಹಟ ಬಾಯಿಂದ ಹೊರಟೇ ಹೋಯಿತು. "ಹಾಗಾದ್ರೆ ಅಷ್ಟು ಬೇಗ ತುಂಬಿದ್ದು ಹೇಗೆ? ಕಂಪೆನಿಯವರು ಸುಮ್ಮನೆ ಬರೀತಾರಾ?"

ಸಾಲಿಹಾ ಚಾದ ತಟ್ಟೆಯನ್ನು ಕೆಳಗಿಟ್ಟರು. "ಧರ್ಣಪ್ಪ, ಕಕ್ಕಸಿನ ಡ್ರಮ್ಮಿಗೆ ಎಷ್ಟು ಸಲ ನೀರು ತುಂಬಿಸಿದೆ?"

"ಬೆಳಿಗ್ಗೆ, ಸಂಜೆ, ಮತ್ತೆ ಮರುದಿನ. ಖಾಲಿಯಾದ ಹಾಗೆ ತುಂಬಿಸಿದೆ ಅಮ್ಮ."

"ಇದಾ, ಕೇಳಿದಿರಾ?" ಎಂದು ಸಾಲಿಹಾ ಗಂಡನತ್ತ ತಿರುಗಿದರು. "ಆ ಕಂಪೆನಿಯವರು ಕಾಗದದಲ್ಲಿ ಒರೆಸುವವರು. ನಾವು ನೀರಿನವರು. ಚೊಂಬಿನಲ್ಲಿ ತೊಳೆದ ನೀರು ಎಲ್ಲಿಗೆ ಹೋಗ್ತದೆ, ಆಕಾಶಕ್ಕಾ?"

ರಾಜಮತಿಯವರು ಮೊದಲು ನಕ್ಕರು. "ನನಗೂ ಮನಸ್ಸಿಗೆ ಬಂದಿತ್ತು ಸಾಲಿಹಮ್ಮ. ಗಂಡಸರ ಎದುರು ಅದನ್ನು ಹೇಗೆ ಹೇಳುವುದು ಅಂತ ಸುಮ್ಮನಿದ್ದೆ." ಬಲ್ಲಾಳರು ನಗುತ್ತಾ ಹೊಟ್ಟೆ ಹಿಡಿದುಕೊಂಡು ದೋಣಿಯ ಅಂಚಿಗೆ ಒರಗಿದರು. ಜಗತ್ತಿನ ಬಂದರುಗಳನ್ನೆಲ್ಲ ಸುತ್ತಿದ ಇಂಜಿನಿಯರು, ಟ್ಯಾಂಕಿನ ವಿಷಯ ಅಷ್ಟು ದಿನ ಮಾತಾಡಿಯೂ ಚೊಂಬಿನ ನೀರಿನ ಸುದ್ದಿ ಎತ್ತಿರಲಿಲ್ಲ. ನಾಚಿಕೆಯ ವಿಷಯವೆಂದು ಎಲ್ಲರೂ ಬಿಟ್ಟದ್ದನ್ನು ಟ್ಯಾಂಕು ಬಿಟ್ಟಿರಲಿಲ್ಲ. ಧರ್ಣಪ್ಪನೂ ನಕ್ಕ, ಏನೂ ಅರ್ಥವಾಗದೆ ಹನಾಳೂ ನಕ್ಕಳು. ಉನೈಸ್ ಮಾತ್ರ ಕ್ಯಾನನ್ನು ಎತ್ತಿಕೊಂಡು ವರ್ಕ್‌ಶಾಪಿನೊಳಗೆ ನಡೆದ.

ದೋಣಿಯ ಆಚೆ ಬದಿಯ ಹಲಗೆಯ ಅಡಿಯಲ್ಲಿ ಇನ್ನೊಂದು ಟ್ಯಾಂಕು ಕಟ್ಟಿ, ಎರಡನ್ನೂ ಪೈಪಿನಲ್ಲಿ ಸೇರಿಸುವುದೆಂದು ತೀರ್ಮಾನವಾಯಿತು. ಎರಡೂ ಬದಿಗೆ ಭಾರ ಸಮ ಬಿದ್ದರೆ ದೋಣಿ ವಾಲುವುದಿಲ್ಲ. ಉನೈಸ್ ಮರುದಿನವೇ ಕೆಲಸಕ್ಕೆ ಕೂತ. ಸ್ವಲ್ಪ ಹೊತ್ತಿಗೆ ದೋಣಿಯೊಳಗಿಂದ ಕೂಗಿದ.

"ಮಾವ, ಬಂದು ನೋಡಿ. ಮ್ಯಾಟು ಕತ್ತರಿಸ್ತಾ ಇದ್ದೇನೆ."

ಹಾಜಿಯವರು ಖುಷಿಯಿಂದಲೇ ಹೋದರು. ಹುಡುಗ ಮನಸ್ಸಿಗೆ ಹಚ್ಚಿಕೊಂಡಿಲ್ಲ ಎಂದು ಹಗುರವಾಯಿತು. ಮತ್ತೆ ಕರೆ ಬಂತು. ರಾಳ ಕಲಸುವಾಗ ಕರೆದ. ತಳದಲ್ಲಿ ಉಳಿದದ್ದನ್ನು ಡಬ್ಬಿ ಓರೆ ಮಾಡಿ ತೋರಿಸಿದ. ಕೊಳವೆಯ ಕತ್ತರಿಸಿದ ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟು, ಉಳಿದದ್ದು ಇಷ್ಟು ಎಂದ. ಅಡ್ಡಗೋಡೆಯ ಕಿಂಡಿಗೆ ಟಾರ್ಚು ಬಿಟ್ಟು, ನೀವೇ ಕೈ ಹಾಕಿ ನೋಡಿ ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಸಂಜೆಯಾಗುವಷ್ಟರಲ್ಲಿ ಹಾಜಿಯವರಿಗೆ ಆ ಕರೆ ಕೇಳಿದರೆ ಎದೆ ಕುಗ್ಗುವಂತಾಯಿತು.

"ನಿಮಗೆ ಬೇಕಾದದ್ದು ಇದೇ ಅಲ್ವಾ? ನೋಡಿಕೊಳ್ಳಿ," ಎಂದರು ಸಾಲಿಹಾ.

ಕ್ಷಮೆ ಕೇಳುವ ಮಾತು ಹಾಜಿಯವರ ನಾಲಿಗೆಗೆ ಅಭ್ಯಾಸವಿರಲಿಲ್ಲ. ಅವರು ಪೇಟೆಗೆ ಹೋಗಿ ದೊಡ್ಡದೊಂದು ಅಂಜಲ್ ಮೀನು ತಂದರು, ಬೆಲೆ ಚೌಕಾಸಿ ಮಾಡದೆ. ಉನೈಸ್ ಮೀನು ತಿಂದ. "ಟ್ಯಾಂಕು ಒಳ್ಳೆದಾಗಿದೆ," ಎಂದರು ಹಾಜಿಯವರು. "ಹೂಂ ಮಾವ," ಎಂದ ಉನೈಸ್. ಅಷ್ಟೇ.

ರಾಜಮತಿಯವರು ಈ ಸಲ ಎರಡು ದಿನ ದೋಣಿಯಲ್ಲಿ ನೆಮ್ಮದಿಯಿಂದ ಇದ್ದರು. ದೋಣಿ ಲಾರಿ ಹತ್ತಿ ಮಂಗಳೂರಿಗೆ ಹೋಯಿತು. ಅದು ಹೋದ ವಾರವೇ ಉನೈಸ್ ಊಟದ ಹೊತ್ತಿಗೆ, ಹಾಸ್ಟೆಲಿನ ಬಾಗಿಲುಗಳನ್ನು ಅಲ್ಲೇ ಇದ್ದು ಮಾಡುತ್ತೇನೆ, ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ನೋಡಿದ್ದೇನೆ ಎಂದ.

ಹಾಜಿಯವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಗಳಿಗೆಯಲ್ಲೂ ಅವರ ಬುದ್ಧಿ ಹಳೆಯ ದಾರಿಯಲ್ಲೇ ಓಡಿತು. "ಮೊದಲಿನಿಂದಲೇ ನಿನ್ನ ಮನಸ್ಸಿನಲ್ಲಿ ಇದೇ ಇತ್ತಲ್ವಾ?"

"ಉಪ್ಪ," ಎಂದು ಅಪ್ಪನನ್ನು ಕರೆದಳು ಜಸ್ನಾ. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅವರು ಹೋಗುವ ಅಂತ ಹೇಳಲೇ ಇಲ್ಲ. ಹೇಳಿದ್ದು ನಾನು. ನಿಮ್ಮನ್ನು ಬಿಟ್ಟು ಹೋಗಲಿಕ್ಕೆ ನನಗೆ ಮನಸ್ಸಿಲ್ಲ. ಆದ್ರೆ ನನ್ನ ಗಂಡ ದಿನಾ ನಿಮ್ಮ ಎದುರು ಕೈ ಬಿಚ್ಚಿ ತೋರಿಸುವುದನ್ನು ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ಎಲ್ಲರ ಮೇಲೂ ಕಣ್ಣಿಟ್ಟಿದ್ದ ಹಾಜಿಯವರು ಮಗಳ ಮೇಲೆ ಕಣ್ಣಿಟ್ಟಿರಲಿಲ್ಲ.

ಶುಕ್ರವಾರ ನಮಾಜಿನ ನಂತರ ಜೀಪು ಬಂತು. ಸಾಮಾನು ಹೆಚ್ಚಿರಲಿಲ್ಲ. ಉನೈಸ್ ತನ್ನ ಹತ್ಯಾರಗಳ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟು ಮುಚ್ಚಳ ತೆರೆದ.

"ಮಾವ, ಒಮ್ಮೆ ನೋಡಿ. ಇದು ನಾನು ಕಕ್ಕಿಂಜೆಯಿಂದ ತಂದದ್ದು. ವರ್ಕ್‌ಶಾಪಿನದ್ದೆಲ್ಲ ಅಲ್ಲೇ ಉಂಟು."

"ಬೇಡ ಮಗಾ. ಮುಚ್ಚು," ಎಂದರು ಹಾಜಿಯವರು.

ಉನೈಸ್ ಮುಚ್ಚಿ, ಪೆಟ್ಟಿಗೆಯನ್ನು ಜೀಪಿಗೆ ಇಟ್ಟ. ಇದನ್ನೆಲ್ಲ ನೋಡುತ್ತಿದ್ದ ಹನಾ, ಹೊರಡುವಾಗ ಹೀಗೆ ಮಾಡುವುದೇ ಕ್ರಮ ಎಂದುಕೊಂಡಳೋ ಏನೋ, ತನ್ನ ಪುಟ್ಟ ಚೀಲವನ್ನು ಅಜ್ಜನ ಕಾಲ ಬಳಿ ತಂದಿಟ್ಟು ಜಿಪ್ಪು ಎಳೆದಳು. ಸ್ಲೇಟು, ಒಂದು ಕಾಲುಚೀಲ, ಕೈ ಕಿತ್ತುಹೋದ ಗೊಂಬೆ, ಅರ್ಧ ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಒಂದೊಂದಾಗಿ ನೆಲದ ಮೇಲೆ ಇಟ್ಟಳು.

"ಅಜ್ಜ, ನನ್ನದೂ ನೋಡು. ಎಲ್ಲ ನನ್ನದೇ."

"ಹನಾ!" ಎಂದಳು ಜಸ್ನಾ. ಮಗು ಅಲುಗಲಿಲ್ಲ. ಅಜ್ಜ ನೋಡಲಿ ಎಂದು ಗಂಭೀರವಾಗಿ ಕಾಯುತ್ತಾ ನಿಂತಳು.

ಹಾಜಿಯವರು ನೆಲಕ್ಕೆ ಕೂತರು. ಒಂದೊಂದನ್ನೇ ಎತ್ತಿ ಚೀಲಕ್ಕೆ ತುಂಬಿಸಿದರು. ಜಿಪ್ಪು ಹಾಕಲು ಎರಡು ಸಲ ಎಳೆಯಬೇಕಾಯಿತು.

"ಸರಿ ಉಂಟಾ ಅಜ್ಜ?"

"ಸರಿ ಉಂಟು ಮಗಾ. ಎಲ್ಲ ಸರಿ ಉಂಟು."

ಅಪ್ಪಣೆ ಸಿಕ್ಕಿತೆಂದು ಹನಾ ಚೀಲ ಬೆನ್ನಿಗೆ ಹಾಕಿಕೊಂಡು ಜೀಪಿನತ್ತ ಓಡಿದಳು.